ಬೆಳ್ಳುಳ್ಳಿಯೇ ಎಣ್ಣೆ ಹಿಡಿಯಲಿ

ಹಸಿ ತತ್ತಿ ಒಡೆದು ಹಾಕದೆ ಬೆಳ್ಳುಳ್ಳಿ ಮೇಯೊನೀಸ್ ಆಗುವುದೇ ಇಲ್ಲ ಎಂದು ನಂಬಿದವರು ಹೈದರಾಬಾದಿನ ಕೋಠಿಯಲ್ಲಿ ಈಗಲೂ ಬಹಳ. ಷವರ್ಮಾ, ಗ್ರಿಲ್ ಚಿಕನ್, ಬಾರ್ಕಸ್ ಕಡೆಯಿಂದ ಊರೆಲ್ಲ ಹಬ್ಬಿದ ಅರಬ್ಬೀ ‘ಮಂದಿ’ ಅನ್ನ, ಯಾವುದೇ ತಿನ್ನಿ, ಪಕ್ಕದಲ್ಲಿ ಆ ಬಿಳಿ ಬಟ್ಟಲು ಬೇಕೇ ಬೇಕು. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ 30ರಂದು ಹಸಿ ತತ್ತಿಯ ಮೇಯೊನೀಸ್ ತಯಾರಿಕೆ, ದಾಸ್ತಾನು, ಮಾರಾಟವನ್ನು ಒಂದು ವರ್ಷ ನಿಷೇಧಿಸಿತು. ಅದೇ ವಾರ ನಗರದಲ್ಲಿ ಮೇಯೊನೀಸ್ ಜೊತೆ ಮೊಮೊ ತಿಂದ ಮಹಿಳೆಯೊಬ್ಬರು ತೀರಿಕೊಂಡಿದ್ದರು, ಹಲವರು ಆಸ್ಪತ್ರೆ ಸೇರಿದ್ದರು. ಕೇರಳ 2023ರ ಜನವರಿಯಲ್ಲೇ ಇಂಥ ಆದೇಶ ಹೊರಡಿಸಿತ್ತು. ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು.

ಆದೇಶ ಅಂಗಡಿಯವರಿಗೆ, ನಿಜ. ಆದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮನೆಯ ತತ್ತಿಯೊಳಗೂ ಇರಬಹುದು, ಚಿಪ್ಪು ತೊಳೆದ ಮಾತ್ರಕ್ಕೆ ಹೋಗುವುದಿಲ್ಲ. ತತ್ತಿಯೇ ಬೇಕೆನ್ನುವವರು ಹಳದಿಗೆ ನಿಂಬೆರಸ, ಸ್ವಲ್ಪ ನೀರು ಬೆರೆಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕೈಬಿಡದೆ ತಿರುವುತ್ತ 71 ಡಿಗ್ರಿ ಸೆಲ್ಸಿಯಸ್‌ಗೆ ತರಬೇಕು. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ತಣ್ಣನೆಯ ಹಾಲಿನಲ್ಲಿ ಮಾಡುವ ಇನ್ನೊಂದು ಬಗೆಯಿದೆ. ಅದು ನುಣುಪಾಗಿ ಬರುತ್ತದೆ, ಆದರೆ ಸಪ್ಪೆ. ಬೆಳ್ಳುಳ್ಳಿ ಅದರಲ್ಲಿ ಮೂಲೆಗೆ ಸರಿಯುತ್ತದೆ.

ನನ್ನ ಒಲವು ಮೂರನೆಯದಕ್ಕೆ. ಲೆಬನಾನಿನವರು ತೂಮ್ ಎನ್ನುವ ಈ ಬಿಳಿ ಸಾಸಿನಲ್ಲಿ ತತ್ತಿಯೂ ಇಲ್ಲ, ಹಾಲೂ ಇಲ್ಲ. ತತ್ತಿಯ ಹಳದಿಯಲ್ಲಿರುವ ಲೆಸಿಥಿನ್ ಮಾಡುವ ಕೆಲಸವನ್ನು ಇಲ್ಲಿ ಅರೆದ ಬೆಳ್ಳುಳ್ಳಿಯೇ ಮಾಡುತ್ತದೆ. ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ಒಂದಕ್ಕೊಂದು ಸೇರಗೊಡದೆ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಷವರ್ಮಾದ ಹುಟ್ಟೂರಿನ ಕಡೆ ಕೋಳಿಮಾಂಸದ ಜೊತೆಗೆ ಬಡಿಸುವುದು ಇದನ್ನೇ. ಇದನ್ನು ತತ್ತಿ ಸಿಗದಾಗಿನ ಬದಲಿ ವ್ಯವಸ್ಥೆ ಎನ್ನುವುದು ಅನ್ಯಾಯ.

ಇನ್ನು ಎಣ್ಣೆ. ಗಾಣದ ಶೇಂಗಾ ಎಣ್ಣೆಯ ವಾಸನೆ ಬೆಳ್ಳುಳ್ಳಿಯ ಜೊತೆ ಜಗಳಕ್ಕಿಳಿಯುತ್ತದೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಮಿಕ್ಸಿಯ ಬ್ಲೇಡಿಗೆ ಸಿಕ್ಕರೆ ಕಹಿಯಾಗುತ್ತದೆ. ಸೂರ್ಯಕಾಂತಿ ನಡೆಯುತ್ತದೆ. ಬೀದರ್, ಕಲಬುರಗಿಯಿಂದ ಬಂದು ಕೋಠಿ, ಕಾಚಿಗುಡದಲ್ಲಿ ನೆಲೆಸಿದ ನಮ್ಮ ಮನೆಗಳಿಗೆ ಇದಕ್ಕಿಂತ ಒಳ್ಳೆಯದು ಗೊತ್ತೇ ಇದೆ: ಕುಸುಬೆ ಎಣ್ಣೆ. ದನ ನುಗ್ಗದಿರಲೆಂದು ಹಿಂಗಾರಿ ಜೋಳದ ಹೊಲದ ಸುತ್ತ ಬಿತ್ತುತ್ತಿದ್ದ ಮುಳ್ಳಿನ ಬೆಳೆಯದು. ಅದರ ತಳಿಗಳ ಮೇಲೆ ಸಂಶೋಧನೆ ನಡೆಸುವ ಕೇಂದ್ರದ ಎಣ್ಣೆಬೀಜ ಸಂಸ್ಥೆ ಇರುವುದೂ ಇದೇ ಊರಿನ ರಾಜೇಂದ್ರನಗರದಲ್ಲಿ. ರಿಫೈನ್ಡ್ ಕುಸುಬೆ ಎಣ್ಣೆ ತನ್ನ ಗುರುತನ್ನು ಮುಂದೊಡ್ಡದೆ ಬೆಳ್ಳುಳ್ಳಿಗೆ ಜಾಗ ಬಿಡುತ್ತದೆ.

ಬೆಳ್ಳುಳ್ಳಿಯನ್ನು ಬೇಗಂ ಬಜಾರಿನಲ್ಲಿ ಗಡ್ಡೆ ಒತ್ತಿ ನೋಡಿಯೇ ಕೊಳ್ಳಿ. ಗಟ್ಟಿಯಾಗಿರಬೇಕು. ಸುಲಿದ ಎಸಳನ್ನು ಉದ್ದಕ್ಕೆ ಸೀಳಿದಾಗ ನಡುವೆ ಹಸಿರು ಮೊಳಕೆ ಕಂಡರೆ ಚಾಕುವಿನ ತುದಿಯಿಂದ ಎತ್ತಿಬಿಡಿ. ಕಹಿಯೆಲ್ಲ ಅಲ್ಲೇ ಕೂತಿರುತ್ತದೆ. ಬೇಸರದ ಕೆಲಸ, ಆದರೂ ಬಿಡುವಂತಿಲ್ಲ.

ಸುಲಿದ ಎಸಳು 50 ಗ್ರಾಂ, ಉಪ್ಪು ಅರ್ಧ ಚಮಚ, ಎರಡು ದೊಡ್ಡ ಚಮಚ ನಿಂಬೆರಸ, ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿದ ಎಣ್ಣೆ 250 ಮಿಲಿ. ಚಟ್ನಿ ಜಾರಿನಲ್ಲಿ ಬೆಳ್ಳುಳ್ಳಿ, ಉಪ್ಪು, ಅರ್ಧ ನಿಂಬೆರಸ ಹಾಕಿ, ಗೋಡೆಗಂಟಿದ್ದನ್ನು ಕೆಳಗೆಳೆಯುತ್ತ, ಒಂದು ಚೂರೂ ಉಳಿಯದ ಹಾಗೆ ಅರೆಯಿರಿ. ಎಸಳು ಜಜ್ಜಿದ ಕೂಡಲೇ ಅದರ ಕಿಣ್ವ ಎಚ್ಚೆತ್ತು ಘಾಟಿನ ಆಲಿಸಿನ್ ಹುಟ್ಟಿಸುತ್ತದೆ. ಹುಳಿ ಆ ಕಿಣ್ವವನ್ನು ಹತ್ತಿಕ್ಕುತ್ತದೆ. ಅರೆಯುವಾಗಲೇ ನಿಂಬೆ ಬೀಳಬೇಕು ಎನ್ನುವುದು ಅದಕ್ಕೇ. ಮುಂದಿನದು ತಾಳ್ಮೆಯ ಕೆಲಸ. ಎಣ್ಣೆ ಮೊದಲು ಹನಿಹನಿಯಾಗಿ, ಮಿಶ್ರಣ ಬೆಳ್ಳಗಾಗುತ್ತ ಬಂದ ಮೇಲೆ ನೂಲಿನಷ್ಟು ಧಾರೆಯಾಗಿ. ತೀರ ಬಿಗಿದುಕೊಂಡರೆ ಉಳಿದ ನಿಂಬೆರಸ, ಒಂದು ಚಮಚ ಐಸ್ ನೀರು. ಜಾರು ಕೈಗೆ ಬಿಸಿ ತಾಗಿದರೆ ನಿಲ್ಲಿಸಿ, ತಣಿಯಲು ಬಿಡಿ. ಬಿಸಿಯಾದರೆ ಒಡೆಯುತ್ತದೆ, ಆತುರಪಟ್ಟರೂ ಒಡೆಯುತ್ತದೆ. ಒಡೆದದ್ದನ್ನು ಚೆಲ್ಲಬೇಡಿ, ತೊಳೆದು ಒರೆಸಿದ ಜಾರಿನಲ್ಲಿ ಹೊಸದಾಗಿ ನಾಲ್ಕು ಎಸಳನ್ನು ನಿಂಬೆಯೊಂದಿಗೆ ಅರೆದು, ಒಡೆದ ಸಾಸನ್ನೇ ಎಣ್ಣೆಯ ಹಾಗೆ ಹನಿಸುತ್ತ ಹೋದರೆ ಮತ್ತೆ ಕೂಡಿಕೊಳ್ಳುತ್ತದೆ.

ತತ್ತಿ ಇಲ್ಲವೆಂದು ಹೊರಗಿಡಬೇಡಿ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಗೆ ಗಾಳಿ ಸಿಗುವುದಿಲ್ಲ. ಹೊರಗಿಟ್ಟರೆ ಬಾಟುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಜಾಗ. ಕೆನಡಾದ ವ್ಯಾಂಕೂವರಿನಲ್ಲಿ 1985ರಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಈ ಕಾಯಿಲೆ ಹಲವರಿಗೆ ತಗುಲಿತ್ತು. ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಮಾಡಿದ ದಿನ ನಾಲಿಗೆ ಸುಡುವ ಘಾಟು ಮಾರನೆಯ ದಿನಕ್ಕೆ ಹದವಾಗಿರುತ್ತದೆ, ನಾನು ಬಡಿಸುವುದು ಆಗಲೇ.

ಬಿರಿಯಾನಿಯ ಜೊತೆ ಇದನ್ನು ಬಡಿಸುವುದು ನನಗೆ ಒಪ್ಪದು. ಅಲ್ಲಿ ಮಿರ್ಚಿ ಕಾ ಸಾಲನ್ ಇದೆ. ಖೀಮಾ ತುಂಬಿದ ಲುಖ್ಮಿಗೆ ಇದು ಬಹಳ ಚೆನ್ನ. ಸುಟ್ಟ ಬದನೆಕಾಯಿಗೆ ಕಲಸಿ, ಮೇಲೆ ಚಿಟಿಕೆ ಅಗಸಿ ಹಿಂಡಿ ಉದುರಿಸಿ, ಕಡಕ್ ಜೋಳದ ರೊಟ್ಟಿಯ ಚೂರಿನಲ್ಲಿ ಎತ್ತಿಕೊಂಡು ತಿನ್ನುವುದು ಅದಕ್ಕೂ ಮೇಲು. ಬದನೆಕಾಯಿ ಪೂರ್ತಿ ಆರಿರಲಿ, ಬಿಸಿ ತಾಗಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ.