ಸಮುದ್ರ ಎಲ್ಲೈತಿ?

2025ರ ಮೇನಲ್ಲಿ ದೀವ್‌ನ ಘೋಘ್ಲಾ ಕಡಲತೀರದಲ್ಲಿ ನಡೆದ ಖೇಲೋ ಇಂಡಿಯಾ ಬೀಚ್ ಗೇಮ್ಸ್‌ನ ವಾಲಿಬಾಲ್ ತೋರಿಸಿದಾಗ ಕಾಕಾ ಕೇಳಿದ್ರು: "ನಮ್ಮ ರಾಯಬಾಗದಾಗ ಸಮುದ್ರ ಎಲ್ಲೈತೋ?"

ನನ್ನ ತಕರಾರು ಆ 'ಬೀಚ್' ಅನ್ನೋ ಹೆಸರಿನ ಮೇಲೇ. 1996ರಲ್ಲಿ ಈ ಆಟ ಒಲಿಂಪಿಕ್ಸ್ ಸೇರಿದ್ದು ಅಟ್ಲಾಂಟಾದಲ್ಲಿ, ಕಡಲಿಂದ ನೂರಾರು ಕಿಲೋಮೀಟರ್ ದೂರ. 2024ರಲ್ಲಿ ಆಡಿದ್ದು ಪ್ಯಾರಿಸ್‌ನ ಐಫೆಲ್ ಗೋಪುರದ ಬುಡದಲ್ಲಿ.

ಬೇಕಾದದ್ದು 16 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣ, 40 ಸೆಂಟಿಮೀಟರ್ ಆಳದ ಸಣ್ಣ ಮರಳು, ತಂಡಕ್ಕೆ ಇಬ್ಬರು. ಸುತ್ತ ಮೂರು ಮೀಟರ್ ಬಿಟ್ಟು ಲೆಕ್ಕ ಹಾಕಿದೆ (ಎಂಜಿನಿಯರ್ ಚಟ): ಸುಮಾರು 44 ಬ್ರಾಸ್. ಕೃಷ್ಣೆಯ ದಂಡೆಯ ಊರುಗಳಲ್ಲಿ ಅಷ್ಟು ಮರಳು ಮನೆ ಕಟ್ಟೋಕೆ ಸಿಗ್ತದ, ಆಟಕ್ಕೆ ಸಿಗಲ್ಲ. ನಮ್ಮ ಹುಡುಗ್ರು ಗಟ್ಟಿ ನೆಲದಾಗ ಡೈವ್ ಹೊಡೆದು ಮೊಳಕೈ ಕೆತ್ತಿಸಿಕೊಳ್ತಾರ.