ರೂಟ್ ಹೋದರೂ ಸರಿ, ಅಪ್‌ಡೇಟ್ ಬಿಡಬೇಡಿ

ತಿಂಗಳ ಮೊದಲ ವಾರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳದ್ದೆಲ್ಲ ಒಂದೇ ರಾಗ. ‘ಪಿಕ್ಸೆಲ್‌ಗೆ ಸೆಕ್ಯುರಿಟಿ ಪ್ಯಾಚ್ ಬಂದಿದೆ. ಫೋನ್ ರೂಟ್ ಆಗಿದೆ, ಮ್ಯಾಜಿಸ್ಕ್ ಕೂತಿದೆ. ಅಪ್‌ಡೇಟ್ ಮಾಡಲೋ ಬೇಡವೋ?’ ಮಾಡಿ. ಒಂದು ಗುಂಡಿ ಮಾತ್ರ ಒತ್ತಬೇಡಿ. ಅದು ಯಾವುದೆಂದು ಹೇಳಿ ಮುಗಿಸಿದರೆ ಅಂಕಣದ ಅರ್ಧವೂ ತುಂಬುವುದಿಲ್ಲ. ಉಳಿದ ಜಾಗದಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಮಾಡುವುದಿದೆ.

ಮೊದಲು ಕೆಲಸ. ಡೆವಲಪರ್ ಆಪ್ಷನ್ಸ್‌ನಲ್ಲಿ ‘ಆಟೊಮ್ಯಾಟಿಕ್ ಸಿಸ್ಟಮ್ ಅಪ್‌ಡೇಟ್ಸ್’ ಆಫ್ ಆಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಆಫ್ ಆಗಿ ಆನ್ ಆಗುವಾಗ ಫೋನ್ ನಿಮ್ಮನ್ನು ಕೇಳದೆ ಹೊಸ ಆವೃತ್ತಿಗೆ ಹೋಗಿಬಿಟ್ಟಿರುತ್ತದೆ. ರೂಟ್ ಕೊಡುವ ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಮಾಡ್ಯೂಲ್‌ಗಳನ್ನೆಲ್ಲ ಆಫ್ ಮಾಡಿ. ಮ್ಯಾಜಿಸ್ಕ್‌ನಲ್ಲಿ ‘ಅನ್‌ಇನ್‌ಸ್ಟಾಲ್’ ಒತ್ತಿ, ಅದರೊಳಗಿನ ‘ರಿಸ್ಟೋರ್ ಇಮೇಜಸ್’ ಆರಿಸಿ. ಹೆಸರು ಕೇಳಿ ಬೆದರಬೇಡಿ, ಪೂರ್ತಿ ಕಿತ್ತುಹಾಕುವ ಆಯ್ಕೆ ಬೇರೆಯೇ ಇದೆ. ಇದು ಪ್ಯಾಚ್ ಆದ ಬೂಟ್ ಇಮೇಜನ್ನು ತೆಗೆದು ಕಂಪನಿಯ ಮೂಲ ಇಮೇಜನ್ನು ವಾಪಸ್ ಇಡುತ್ತದೆ, ಅಷ್ಟೆ. ಫೋನ್ ರೀಸ್ಟಾರ್ಟ್ ಆಗುವವರೆಗೆ ರೂಟ್ ಓಡುತ್ತಲೇ ಇರುತ್ತದೆ.

ಈಗ ಸೆಟ್ಟಿಂಗ್ಸ್‌ಗೆ ಹೋಗಿ ಎಂದಿನಂತೆ ಅಪ್‌ಡೇಟ್ ಕೊಡಿ. ಡೌನ್‌ಲೋಡ್, ಇನ್‌ಸ್ಟಾಲ್, ಆಪ್ಟಿಮೈಸ್ ಎಲ್ಲ ಮುಗಿದ ಮೇಲೆ ಕೆಳಗೆ ‘ರೀಸ್ಟಾರ್ಟ್ ನೌ’ ಎಂದು ಮೂಡುತ್ತದೆ. ಒತ್ತಬಾರದ ಗುಂಡಿ ಇದೇ. ಅದನ್ನು ಹಾಗೇ ಬಿಟ್ಟು ಮ್ಯಾಜಿಸ್ಕ್‌ಗೆ ಮರಳಿ, ‘ಇನ್‌ಸ್ಟಾಲ್ ಟು ಇನ್‌ಆ್ಯಕ್ಟಿವ್ ಸ್ಲಾಟ್’ ಆರಿಸಿ. ತೆರೆಯ ಮೇಲೆ ಸಾಲುಗಳು ಉರುಳತೊಡಗುತ್ತವೆ. ಕಣ್ಣಿಡಬೇಕಾದವು ಎರಡು. ‘ಟಾರ್ಗೆಟ್ ಇಮೇಜ್’ ಎಂಬ ಸಾಲಿನ ಬಾಲದಲ್ಲಿ ಎ ಅಥವಾ ಬಿ ಇರುತ್ತದೆ: ನೀವೀಗ ಎ ಸ್ಲಾಟ್‌ನಲ್ಲಿದ್ದರೆ ಅಲ್ಲಿ ಬಿ ಇರಬೇಕು. ಸ್ವಲ್ಪ ಕೆಳಗೆ ‘ಸ್ಟಾಕ್ ಬೂಟ್ ಇಮೇಜ್ ಡಿಟೆಕ್ಟೆಡ್’ ಎಂದು ಬರಬೇಕು. ಬಂದರೆ ಪಕ್ಕದ ಸ್ಲಾಟ್‌ನಲ್ಲಿ ಯಾರ ಕೈಯೂ ಸೋಕದ ಹೊಸ ಇಮೇಜ್ ಬಂದು ಕೂತಿದೆ ಎಂದರ್ಥ. ‘ಆಲ್ ಡನ್’ ಕಂಡ ಮೇಲೆ ಮ್ಯಾಜಿಸ್ಕ್‌ನೊಳಗಿನ ರೀಬೂಟ್ ಗುಂಡಿಯನ್ನೇ ಒತ್ತಿ. ಹೊಸ ಸ್ಲಾಟ್‌ಗೇ ಹೋಗುವಂತೆ ಅದು ನೋಡಿಕೊಳ್ಳುತ್ತದೆ.

ಇಷ್ಟು ಸಲೀಸಾಗಿ ನಡೆಯಲು ಕಾರಣ ಸ್ಲಾಟ್‌ಗಳ ಏರ್ಪಾಡು: ವ್ಯವಸ್ಥೆಗೆ ಎ, ಬಿ ಎಂಬ ಎರಡು ಜಾಗ. 2016ರಲ್ಲಿ ಆಂಡ್ರಾಯ್ಡ್ 7ರೊಂದಿಗೆ, ಮೊದಲ ಪಿಕ್ಸೆಲ್‌ನಲ್ಲಿ ಬಂದದ್ದು ಇದು. ಕ್ರೋಮ್ ಓಎಸ್‌ನಿಂದ ತಂದದ್ದು. ನೀವು ಒಂದರಲ್ಲಿ ಓಡುತ್ತಿರುವಾಗ ಅಪ್‌ಡೇಟ್ ಇನ್ನೊಂದರೊಳಗೆ ಇಳಿಯುತ್ತದೆ. ಹೊಸದು ಎದ್ದೇಳದಿದ್ದರೆ ಬೂಟ್‌ಲೋಡರ್ ಕೆಲವು ಸಲ ಯತ್ನಿಸಿ, ಹಳೆಯದಕ್ಕೇ ಮರಳುತ್ತದೆ. ಆದರೆ ಇದನ್ನೇ ನಂಬಿ ಕೂರುವ ಹಾಗಿಲ್ಲ. 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6, 6 ಪ್ರೊ, 6ಎ ಫೋನ್‌ಗಳ ಬೂಟ್‌ಲೋಡರ್‌ಗೆ ಗೂಗಲ್ ಹಿಂಚಲನೆ ತಡೆ ಹಾಕಿತು. ಒಮ್ಮೆ ಮೇಲೇರಿದ ಮೇಲೆ 12ರ ಬೂಟ್‌ಲೋಡರ್‌ಗೆ ಇಳಿಯುವಂತಿಲ್ಲ. ಪಕ್ಕದ ಸ್ಲಾಟ್‌ನಲ್ಲಿ ಇನ್ನೂ ಹಳೆಯ ಬೂಟ್‌ಲೋಡರೇ ಇದ್ದವರಿಗೆ ಫೋನ್ ಅತ್ತ ಹೊರಳಿದರೆ ಏಳುವ ಖಾತ್ರಿ ಇರಲಿಲ್ಲ. ಎರಡೂ ಸ್ಲಾಟ್‌ಗಳಿಗೆ ಹೊಸದನ್ನೇ ಹಾಕಿಕೊಳ್ಳಬೇಕಾಯಿತು. ಎರಡು ಪೂರ್ತಿ ಪ್ರತಿಗಳನ್ನು ಇಟ್ಟುಕೊಳ್ಳದ ವರ್ಚುವಲ್ ಎ/ಬಿ ಬಂದ ಮೇಲಿನ ಫೋನ್‌ಗಳಲ್ಲಂತೂ ಹೊಸ ಆವೃತ್ತಿ ಸರಿಯಾಗಿ ಎದ್ದು, ಹಿನ್ನೆಲೆಯಲ್ಲಿ ಬೆಸುಗೆ ಮುಗಿದ ಮೇಲೆ ಹಳೆಯದು ಉಳಿದೇ ಇರುವುದಿಲ್ಲ.

‘ರಿಸ್ಟೋರ್ ಇಮೇಜಸ್’ ಒತ್ತಿದಾಗ ‘ಸ್ಟಾಕ್ ಬ್ಯಾಕಪ್ ಡಸ್ ನಾಟ್ ಎಕ್ಸಿಸ್ಟ್’ ಎಂಬ ಉತ್ತರ ಬಂದರೆ? ಮೂಲ ಇಮೇಜನ್ನು ಪ್ಯಾಚ್ ಮಾಡಿದ್ದು ಬೇರೆ ಫೋನಿನಲ್ಲಿ ಇರಬಹುದು. ಇಲ್ಲಿಗೆ ನನ್ನ ಹಳೆಯ ಹಟ ಮತ್ತೆ ಬಂತು, ನಿತ್ಯದ ಓದುಗರು ಕ್ಷಮಿಸಲಿ. ಈಗ ಓಡುತ್ತಿರುವ ಬಿಲ್ಡ್ ನಂಬರ್ ಯಾವುದೋ ಅದೇ ಬಿಲ್ಡ್‌ನ ಮೂಲ ಬೂಟ್ ಇಮೇಜ್, ಕೈಯಾರೆ ವಾಪಸ್ ಹಾಕಲು, ನಿಮ್ಮ ಕಂಪ್ಯೂಟರಿನಲ್ಲಿ ಇರಲೇಬೇಕು. ಹತ್ತಿರದ್ದಲ್ಲ, ಹೋದ ತಿಂಗಳದ್ದಲ್ಲ, ಅದೇ ಬಿಲ್ಡ್‌ನದ್ದು. ಪಿಕ್ಸೆಲ್ 7 ಅಥವಾ ಅದರ ನಂತರದ ಫೋನಿನವರಾದರೆ ಬೂಟ್ ಇಮೇಜ್ ಅಲ್ಲ, ಇನಿಟ್‌ಬೂಟ್ ಇಮೇಜ್. ಆಂಡ್ರಾಯ್ಡ್ 13ರೊಂದಿಗೆ ಹೊರಬಂದ ಫೋನ್‌ಗಳಲ್ಲಿ ರ‍್ಯಾಮ್‌ಡಿಸ್ಕ್ ಅಲ್ಲಿಗೆ ವಾಸ ಬದಲಿಸಿದೆ.

ಸ್ಯಾಮ್‌ಸಂಗ್ ಬಳಗಕ್ಕೆ ಎರಡೇ ಮಾತು. ರೂಟ್ ಆದ ಗ್ಯಾಲಕ್ಸಿಗೆ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಹೊಸ ಫರ್ಮ್‌ವೇರ್ ಇಳಿಸಿ, ಎಪಿ ಫೈಲನ್ನು ಮ್ಯಾಜಿಸ್ಕ್‌ನಲ್ಲಿ ಪ್ಯಾಚ್ ಮಾಡಿ, ಓಡಿನ್‌ನಲ್ಲಿ ಎಲ್ಲ ಫೈಲುಗಳನ್ನೂ ಒಟ್ಟಿಗೆ ಹಾಕಿ. ಸಿಎಸ್‌ಸಿ ಜಾಗದಲ್ಲಿ ಹೋಮ್ ಸಿಎಸ್‌ಸಿ ಇಡಿ. ಬರೀ ಸಿಎಸ್‌ಸಿ ಇಟ್ಟರೆ ಡೇಟಾ ಅಳಿಸಿಹೋಗುತ್ತದೆ.

ಇನ್ನು ಹಳೆಯ ಲೆಕ್ಕ. ನಮ್ಮಲ್ಲಿ ಒಂದು ಮಡಿವಂತರ ಪಂಥವಿದೆ. ಅಪ್‌ಡೇಟ್ ಎಂದರೆ ಫೋನಿಗೆ ತಲೆ ಮೇಲಿಂದ ನೀರು ಸುರಿದು, ಎಲ್ಲ ತೊಳೆದು, ಹೊಸದಾಗಿ ಸಂಸಾರ ಹೂಡಬೇಕು. ಡೇಟಾ ಉಳಿಸಿಕೊಂಡು ಮೇಲೇರುವುದು ಮೈಲಿಗೆ ಎನ್ನುವವರು. ಕಸ್ಟಮ್ ರಾಮ್‌ಗಳ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಒಬ್ಬನ ರಾಮ್‌ನಿಂದ ಇನ್ನೊಬ್ಬನ ರಾಮ್‌ಗೆ ಹಾರುವಾಗ ಹಳೆಯ ಸೆಟ್ಟಿಂಗ್‌ಗಳು ಹೊಸದಕ್ಕೆ ಹೊಂದದೆ ಆ್ಯಪ್‌ಗಳು ಮುಗ್ಗರಿಸುತ್ತಿದ್ದವು. ಆದರೆ ಅದೇ ಕಂಪನಿಯ ಅದೇ ಫೋನಿಗೆ ಬರುವ ತಿಂಗಳ ಪ್ಯಾಚ್‌ಗೆ ಎಲ್ಲ ತೊಳೆಯಿರಿ ಎನ್ನುವುದು ಶುದ್ಧ ಸೋಮಾರಿತನ. ಏನು ಕೆಟ್ಟಿದೆ ಎಂದು ಹುಡುಕುವ ತಾಳ್ಮೆಯಿಲ್ಲದೆ ಕೊಡುವ ಸಲಹೆ ಅದು.

ಅಪ್‌ಡೇಟ್ ಡೇಟಾ ವಿಭಾಗವನ್ನು ಅಳಿಸುವುದಿಲ್ಲ. ಪಿಕ್ಸೆಲ್‌ನಲ್ಲಿ ಡೇಟಾ ಹೋಗುವುದು ಬೂಟ್‌ಲೋಡರ್ ಅನ್‌ಲಾಕ್ ಮಾಡಿದಾಗ, ಅದನ್ನು ಮತ್ತೆ ಲಾಕ್ ಮಾಡಿದಾಗ, ಹಳೆಯ ಆವೃತ್ತಿಗೆ ಇಳಿದಾಗ, ಮತ್ತು ಫ್ಯಾಕ್ಟರಿ ಇಮೇಜ್‌ನ ಸ್ಕ್ರಿಪ್ಟಿನ ಕೊನೆಯಲ್ಲಿರುವ ‘-ಡಬ್ಲ್ಯು’ ಅಳಿಸದೆ ಅದನ್ನು ಓಡಿಸಿದಾಗ. ಆ ಒಂದಕ್ಷರ ಅಳಿಸಿದರೆ ಅದೇ ಸ್ಕ್ರಿಪ್ಟ್ ನಿಮ್ಮ ಫೋಟೊ, ಮೆಸೇಜು ಯಾವುದನ್ನೂ ಮುಟ್ಟದೆ ಹೊಸ ವ್ಯವಸ್ಥೆ ಹಾಕಿ ಮುಗಿಸುತ್ತದೆ. ಹಾಗೆಂದು ಬ್ಯಾಕಪ್ ಬೇಡವೆನ್ನುತ್ತಿಲ್ಲ. ಡೇಟಾ ವಿಭಾಗವನ್ನು ಇದ್ದಂತೆ ನಕಲೆತ್ತಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಮಾತ್ರ ಅದು ಬ್ಯಾಕಪ್ ಆಗುವುದಿಲ್ಲ. ಅದೆಲ್ಲ ಗೂಢಲಿಪಿಯಲ್ಲಿರುತ್ತದೆ, ಬಿಡಿಸುವ ಕೀಲಿ ಆ ಫೋನಿನ ಚಿಪ್‌ಗೂ ನಿಮ್ಮ ಪಿನ್‌ಗೂ ಕಟ್ಟಿಕೊಂಡಿರುತ್ತದೆ. ಫೋಟೊ ಬೇಕಿದ್ದರೆ ಫೋಟೊಗಳನ್ನೇ ನಕಲು ಮಾಡಿ, ಚಾಟ್ ಬೇಕಿದ್ದರೆ ಆ್ಯಪ್‌ನೊಳಗಿಂದಲೇ ಬ್ಯಾಕಪ್ ತೆಗೆಯಿರಿ.

ಇಷ್ಟಾದರೂ ಮಡಿವಂತರ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಅವರು ರೂಟಿಂಗ್‌ನ ಇತಿಹಾಸ ಮರೆತಿದ್ದಾರೆ. ಕನ್ನಡಿಗರಂತೂ ಮರೆಯಬಾರದು. ಆಂಡ್ರಾಯ್ಡ್ 2ರ ಕಾಲದಲ್ಲಿ ನಮ್ಮಲ್ಲಿ ಎಷ್ಟೋ ಜನ ಫೋನ್ ರೂಟ್ ಮಾಡಿದ್ದು ಕನ್ನಡ ಓದಲಿಕ್ಕೆ. ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕಗಳು. ರೂಟ್ ಮಾಡಿ, ಸಿಸ್ಟಮ್ ವಿಭಾಗದ ಫಾಂಟ್ ಫೋಲ್ಡರಿನಲ್ಲಿದ್ದ ‘ಡ್ರಾಯ್ಡ್ ಸ್ಯಾನ್ಸ್ ಫಾಲ್‌ಬ್ಯಾಕ್’ ಫೈಲ್ ತೆಗೆದು, ಕನ್ನಡ ಅಕ್ಷರ ಸೇರಿಸಿದ ಫೈಲನ್ನು ಅದೇ ಹೆಸರಿನಲ್ಲಿ ಇಡಬೇಕಿತ್ತು. ಆಮೇಲೂ ಒತ್ತಕ್ಷರ ಕೆಳಗಿಳಿಯುತ್ತಿರಲಿಲ್ಲ. ಅಕ್ಕ ಹೋಗಿ ‘ಅಕ್‌ಕ’ ಆಗುತ್ತಿದ್ದಳು. ಅಕ್ಷರ ಜೋಡಿಸುವ ಯಂತ್ರವೇ ಫೋನಿನಲ್ಲಿ ಇರಲಿಲ್ಲ. ರೂಟ್ ಬೇಡವೆನ್ನುವವರು ಒಪೆರಾ ಮಿನಿಯಲ್ಲಿ ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಆಯ್ಕೆ ಹಾಕಿಕೊಂಡು, ಚಿತ್ರವಾಗಿ ಬಂದ ಕನ್ನಡ ಓದುತ್ತಿದ್ದರು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಬಂದು ಈ ಪಾಡು ತಪ್ಪಿತು.

ಅಲ್ಲಿಯವರೆಗೆ ಅಪ್‌ಡೇಟ್ ಬಂದರೆ ನಮಗೆ ಎದೆ ಝಲ್ ಎನ್ನುತ್ತಿತ್ತು. ಮೂಲ ಫೈಲ್ ತಿದ್ದಿದ್ದರೆ ಅಪ್‌ಡೇಟ್ ತಕರಾರು ತೆಗೆಯುತ್ತಿತ್ತು. ತಕರಾರಿಲ್ಲದೆ ಕೂತರೆ ಸಿಸ್ಟಮ್ ಹೊಸದಾಗಿ, ರೂಟೂ ಇಲ್ಲ, ಫಾಂಟೂ ಇಲ್ಲ. ಆಗ ‘ಊಡೂ ಓಟಿಎ ರೂಟ್‌ಕೀಪರ್’ ಎಂಬ ಒಂದು ಆ್ಯಪ್ ಇತ್ತು. ರೂಟ್ ಕೊಡುವ ‘ಎಸ್‌ಯು’ ಫೈಲಿನ ಒಂದು ಪ್ರತಿಯನ್ನು ಸಿಸ್ಟಮ್‌ನ ಮೂಲೆಯಲ್ಲಿ ಅಳಿಸಲಾಗದಂತೆ ಬೀಗ ಹಾಕಿ ಬಚ್ಚಿಟ್ಟು, ಅಪ್‌ಡೇಟ್ ಮುಗಿದ ಮೇಲೆ ಹೊರತೆಗೆಯುತ್ತಿತ್ತು. ಅದರ ಕಾಲವೂ ಮುಗಿಯಿತು. 2014ರ ಲಾಲಿಪಾಪ್‌ನಿಂದ ಅಪ್‌ಡೇಟ್‌ಗಳು ಫೈಲ್ ನೋಡುವುದನ್ನು ಬಿಟ್ಟು ಇಡೀ ವಿಭಾಗವನ್ನು ಬ್ಲಾಕ್ ಬ್ಲಾಕ್ ಆಗಿ ತಾಳೆ ನೋಡತೊಡಗಿದವು. ಒಂದು ಬೈಟ್ ವ್ಯತ್ಯಾಸವಿದ್ದರೂ ಮುಂದುವರಿಯದು.

ಆ ಗೋಡೆಗೆ ಮೊದಲು ಕಿಂಡಿ ಕೊರೆದವರು ಚೈನ್‌ಫೈರ್ ಹೆಸರಿನ ಡೆವಲಪರ್. ಅವರ ಸೂಪರ್‌ಎಸ್‌ಯು 2015ರಲ್ಲಿ ಸಿಸ್ಟಮ್ ಮುಟ್ಟದೆ ಬೂಟ್ ಇಮೇಜ್ ತಿದ್ದುವ ದಾರಿ ಹಿಡಿಯಿತು. ಮರುವರ್ಷ ಬಂದ ಜಾನ್ ವೂ ಅವರ ಮ್ಯಾಜಿಸ್ಕ್ ಅದನ್ನೇ ಬೆಳೆಸಿತು. ಫಾಂಟಾಗಲಿ ಬೇರೇನೇ ಆಗಲಿ, ಮೂಲವನ್ನು ಹಾಗೇ ಬಿಟ್ಟು ಅದರ ಮೇಲೆ ಹೊದಿಸುವುದೇ ಮಾಡ್ಯೂಲ್. ಎಲ್ಲ ಕೀರ್ತಿಯನ್ನೂ ಮ್ಯಾಜಿಸ್ಕ್‌ಗೇ ಕಟ್ಟುವ ಎಳೆಯರಿಗೆ ಈ ಕ್ರಮ ಗೊತ್ತಿರಲಿ.

ಅಪ್‌ಡೇಟ್‌ಗೂ ರೂಟ್‌ಗೂ ಜಗಳ ಹತ್ತಿದ್ದು ಮೊದಲ ಆಂಡ್ರಾಯ್ಡ್ ಫೋನಿನಲ್ಲೇ. ಟಿ-ಮೊಬೈಲ್ ಜಿ1 ಅಮೆರಿಕದಲ್ಲಿ ಅಂಗಡಿಗೆ ಬಂದದ್ದು 2008ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಒಬ್ಬಾತ ಗೆಳತಿಯ ಮೆಸೇಜಿಗೆ ಉತ್ತರವಾಗಿ ‘ರೀಬೂಟ್’ ಎಂದು ಟೈಪಿಸಿದ. ಫೋನ್ ನಿಜಕ್ಕೂ ರೀಬೂಟ್ ಆಯಿತು. ಕೀಲಿಮಣೆಯಲ್ಲಿ ಒತ್ತಿದ್ದೆಲ್ಲ ಕಾಣದ ಒಂದು ರೂಟ್ ಶೆಲ್‌ಗೂ ಹೋಗುತ್ತಿತ್ತು. ‘ಟೆಲ್‌ನೆಟ್‌ಡಿ’ ಎಂದು ಟೈಪಿಸಿ ಎಂಟರ್ ಒತ್ತಿದರೆ ಫೋನ್ ರೂಟ್. ಗೂಗಲ್ ಅವಸರವಸರವಾಗಿ ಆರ್‌ಸಿ30 ಎಂಬ ಅಪ್‌ಡೇಟ್ ಕಳಿಸಿ ತೂತು ಮುಚ್ಚಿತು. ರೂಟ್ ಬೇಕೆನ್ನುವವರು ತೂತಿನ ಆರ್‌ಸಿ29ರಲ್ಲೇ ಉಳಿಯುವ ಹಾಗಾದರು. ಆಗ ಜೀಸಸ್‌ಫ್ರೀಕ್ ಎಂಬ ಹೆಸರಿನ ಡೆವಲಪರ್ ಆರ್‌ಸಿ30ರಲ್ಲೇ ರೂಟ್ ಉಳಿಸಿ, ತೂತು ಮುಚ್ಚಿದ ಆವೃತ್ತಿಯೊಂದನ್ನು ಕಟ್ಟಿಕೊಟ್ಟರು. ನಮ್ಮ ಕಸುಬಿನ ಶ್ರೇಷ್ಠ ಕೃತಿ ಯಾವುದೆಂದು ಕೇಳಿದರೆ ನಾನು ತೋರಿಸುವುದು ಅದನ್ನೇ. ಭದ್ರತೆ ಬೇಡ, ರೂಟ್ ಸಾಕು ಎಂದು ಅವರು ಕೂರಲಿಲ್ಲ. ಎರಡನ್ನೂ ಕೇಳಿದರು, ಎರಡನ್ನೂ ಪಡೆದರು.

ಈಗಿನ ತಲೆಬೇನೆ ಬೇರೆ. ಜಾನ್ ವೂ 2021ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡ ಸೇರಿದರು. ಮರುವರ್ಷದ ಜನವರಿಯಲ್ಲಿ ಬಂದ ಮ್ಯಾಜಿಸ್ಕ್ 24ರಿಂದ ಆ್ಯಪ್‌ಗಳ ಕಣ್ಣಿಗೆ ರೂಟ್ ಬೀಳದಂತೆ ಮರೆಮಾಚುತ್ತಿದ್ದ ಮ್ಯಾಜಿಸ್ಕ್ ಹೈಡ್ ಮಾಯವಾಯಿತು. ಫೋನ್ ತಿದ್ದಿದ್ದೇ ಎಂದು ಆ್ಯಪ್‌ಗಳಿಗೆ ಹೇಳುವ ಗೂಗಲ್‌ನ ತಪಾಸಣೆಯಲ್ಲಿ ಸೇಫ್ಟಿನೆಟ್ ಹೋಗಿ ಪ್ಲೇ ಇಂಟೆಗ್ರಿಟಿ ಬಂತು. ಬ್ಯಾಂಕಿನ ಆ್ಯಪ್ ತೆರೆಯಲು ಕಸರತ್ತು ಮಾಡುತ್ತಲೇ ಹಲವರು ಸುಸ್ತಾಗಿದ್ದಾರೆ. ಅಂಥವರು ಹೂಡುವ ಉಪಾಯವೇ ಈ ಅಂಕಣಕ್ಕೆ ಕಾರಣ: ‘ಹೇಗೋ ಈಗ ಎಲ್ಲ ನಡೆಯುತ್ತಿದೆ, ಇನ್ನು ಅಪ್‌ಡೇಟೇ ಮಾಡುವುದಿಲ್ಲ.’ ಹಣ ಕಳಿಸುವ ಫೋನಿಗೆ ರೂಟನ್ನೂ ಕೊಟ್ಟು, ಊರಿಗೆಲ್ಲ ಗೊತ್ತಾದ ತೂತುಗಳನ್ನೂ ತೆರೆದಿಡುವುದಕ್ಕಿಂತ ದೊಡ್ಡ ಮೂರ್ಖತನ ಇನ್ನಿಲ್ಲ.

ರೂಟ್ ಹೋದರೆ ಆಗುವ ನಷ್ಟವಾದರೂ ಎಷ್ಟು? ಆತುರದಲ್ಲಿ ‘ರೀಸ್ಟಾರ್ಟ್ ನೌ’ ಒತ್ತಿಬಿಟ್ಟರೂ ಫೋನ್ ಹೊಸ ಆವೃತ್ತಿಯಲ್ಲಿ ನೆಟ್ಟಗೆ ಎದ್ದಿರುತ್ತದೆ, ಡೇಟಾ ಇದ್ದಲ್ಲೇ ಇರುತ್ತದೆ. ಹೊಸ ಬಿಲ್ಡ್‌ನ ಇಮೇಜ್ ಇಳಿಸಿ, ಮ್ಯಾಜಿಸ್ಕ್‌ನಲ್ಲಿ ಪ್ಯಾಚ್ ಮಾಡಿ, ಕೇಬಲ್ ಚುಚ್ಚಿ ಫಾಸ್ಟ್‌ಬೂಟ್‌ನಿಂದ ಫ್ಲ್ಯಾಶ್ ಮಾಡಿದರೆ ರೂಟ್ ವಾಪಸ್. ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ಅದಕ್ಕೆ ಬೇಕಾದದ್ದು ಬೂಟ್‌ಲೋಡರ್ ಅನ್‌ಲಾಕ್ ಆಗಿರುವುದು ಒಂದೇ. ಬ್ಯಾಂಕಿನ ಆ್ಯಪ್‌ಗಾಗಿ ಅದನ್ನು ಲಾಕ್ ಮಾಡೋಣವೆಂದು ಹೊರಟವರು ಮೊದಲು ಎಲ್ಲ ವಿಭಾಗಗಳನ್ನೂ ಕಂಪನಿಯ ಸ್ಥಿತಿಗೆ ತನ್ನಿ, ಡೇಟಾ ಹೊರಗೆ ಸಾಗಿಸಿ. ತಿದ್ದಿದ ಇಮೇಜ್ ಇಟ್ಟುಕೊಂಡು ಲಾಕ್ ಮಾಡಿದ ಫೋನ್ ಬೂಟ್ ಆಗುವುದಿಲ್ಲ, ಮತ್ತೆ ಅನ್‌ಲಾಕ್ ಮಾಡಲೂ ಬಿಡದಿರಬಹುದು. ಇದು ಗೊತ್ತಿದ್ದವರಿಗೆ ಪ್ರತಿ ತಿಂಗಳ ಪ್ಯಾಚ್ ಹಾಕಿಕೊಳ್ಳಲು ಹೆದರಿಕೆಯ ಕಾರಣ ಒಂದೂ ಉಳಿಯುವುದಿಲ್ಲ.