ಸಾತವಾಹನರ ಬೆಳ್ಳಿಯನ್ನು ನೋಡುವ ಬಗೆ

ಇಂದ್ರಕೀಲಾದ್ರಿಯಲ್ಲಿ ಕನಕದುರ್ಗೆಯ ದರ್ಶನ ಮುಗಿಸಿ ಬೆಟ್ಟ ಇಳಿದವರು ವಿಜಯವಾಡದ ಬಂದರ್ ರಸ್ತೆಯಲ್ಲಿರುವ ಬಾಪು ಮ್ಯೂಸಿಯಮ್ಮಿಗೂ ಹಳೆಯ ನಾಣ್ಯ ನೋಡಲು ಒಂದು ಗಳಿಗೆ ಹೋಗಿಬರಬೇಕು. ಕೃಷ್ಣೆಯ ಈ ದಡವನ್ನು ಆಳಿದವರು ಸಾತವಾಹನರು. ಹಳೆಯ ನಾಣ್ಯ ನೋಡುವ ಹುಚ್ಚು ಹಿಡಿಯುವುದಾದರೆ ಅವರಿಂದಲೇ ಹಿಡಿಯಲಿ. ಅವರು ಹೆಚ್ಚಾಗಿ ಟಂಕಿಸಿದ್ದು ಸೀಸ, ತಾಮ್ರ ಮತ್ತು ಪೋಟಿನ್ ಎಂಬ ಮಿಶ್ರಲೋಹದಲ್ಲಿ. ಬೆಳ್ಳಿ ಅಪರೂಪ, ನನ್ನ ಪ್ರೀತಿ ಅದರ ಮೇಲೆಯೇ.

ಈ ಬೆಳ್ಳಿ ನಾಣ್ಯದ ತೂಕ ಸುಮಾರು 2 ಗ್ರಾಂ, ಅಗಲ ಹೆಬ್ಬೆರಳ ಉಗುರಿನಷ್ಟು. ಅಕ್ಷರಗಳನ್ನು ಆಮೇಲೆ ಓದಿದರಾಯಿತು, ಮೊದಲು ಮುಖ ನೋಡಿ. ಸೀಸದ ನಾಣ್ಯಗಳಲ್ಲಿ ಆನೆ, ಸಿಂಹ, ಹಡಗುಗಳಿದ್ದರೆ ಇಲ್ಲಿ ಬಲಕ್ಕೆ ತಿರುಗಿದ ಅರಸನೇ ಇದ್ದಾನೆ. ಭೂತಗನ್ನಡಿ ಹಿಡಿದು ಕೂದಲು, ಮೂಗು, ತುಟಿ ಹೀಗೆ ನಿಧಾನವಾಗಿ ಇಳಿಯಿರಿ. ನಾಣ್ಯದ ಮೇಲೆ ಅರಸನ ಮುಖ ಒತ್ತುವ ಈ ರೂಢಿ ಬಂದದ್ದು ಪಶ್ಚಿಮ ಕ್ಷತ್ರಪರಿಂದ, ಅವರಿಗೆ ಗ್ರೀಕರಿಂದ.

ಹಿಂಬದಿಯಲ್ಲಿ ಕಮಾನುಗಳನ್ನು ಪೇರಿಸಿದ ಬೆಟ್ಟ, ಅದರಡಿ ಅಲೆಅಲೆಯಾದ ಗೆರೆ, ಪಕ್ಕದಲ್ಲಿ ನಾಲ್ಕು ವೃತ್ತಗಳ ಉಜ್ಜಯಿನಿ ಚಿಹ್ನೆ. ಬರಹ ಮುಂದೆ ಪ್ರಾಕೃತದಲ್ಲಿ, ಹಿಂದೆ ದ್ರಾವಿಡ ನುಡಿಯಲ್ಲಿ, ಎರಡೂ ಬ್ರಾಹ್ಮಿ ಲಿಪಿ. ಅಚ್ಚು ದೊಡ್ಡದಾಗಿ ಬಿಲ್ಲೆ ಚಿಕ್ಕದಾದಾಗ ಅಂಚಿನ ಅಕ್ಷರಗಳು ಹೊರಗೇ ಉಳಿಯುತ್ತವೆ. ‘ಗೌತಮೀಪುತ್ರ’, ‘ವಾಸಿಷ್ಠೀಪುತ್ರ’ ಎಂಬ ತಾಯಿಯ ಹೆಸರಿನ ತುಣುಕು ಸಿಕ್ಕರೂ ಸಾಕು, ಅರಸ ಯಾರೆಂದು ಹುಡುಕಲು ದಾರಿಯಾಯಿತು.

ಇನ್ನು ಮರುಅಚ್ಚಿನ ನಾಣ್ಯಗಳು. 1906ರಲ್ಲಿ ನಾಸಿಕದ ಬಳಿಯ ಜೋಗಲ್‌ತೆಂಬಿಯಲ್ಲಿ 13,000ಕ್ಕೂ ಮಿಕ್ಕಿ ಬೆಳ್ಳಿ ನಾಣ್ಯ ಸಿಕ್ಕವು. ಎಲ್ಲವೂ ಮೂಲತಃ ಕ್ಷತ್ರಪ ನಹಪಾನನವು; ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಅವನನ್ನು ಗೆದ್ದ ಸಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಒತ್ತಿಸಿದ. ಕರಗಿಸುವ ಖರ್ಚಿಲ್ಲದೆ ಸೋತವನ ಹಣ ಗೆದ್ದವನದಾಯಿತು. ಇಂಥದೊಂದು ಕಣ್ಣಿಗೆ ಬಿದ್ದರೆ ಬೆಳಕಿಗೆ ಓರೆಯಾಗಿ ನೋಡಿ: ಬೆಟ್ಟದ ಕಮಾನುಗಳ ಸಂದಿಯಲ್ಲಿ ನಹಪಾನನ ಮೂಗೋ ಗಲ್ಲವೋ, ಗ್ರೀಕ್ ಅಕ್ಷರದ ಒಂದು ಕಾಲೋ ಇಣುಕುತ್ತದೆ. ಒಂದು ಯುದ್ಧದ ಫಲಿತಾಂಶ ಇಷ್ಟು ಚಿಕ್ಕ ಜಾಗದಲ್ಲಿ ಹೀಗೆ ಕಾಣುವುದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಳೆಯ ಬೆಳ್ಳಿಯ ಕಪ್ಪನ್ನು ಕೊಳೆ ಎನ್ನಬೇಡಿ. ದೀಪದ ಕಂಬ ತಿಕ್ಕಿದಂತೆ ವಿಭೂತಿಯಲ್ಲಿ ತಿಕ್ಕಿದರೆ ಮುಖದ ಸೂಕ್ಷ್ಮ ಗೆರೆಗಳೂ ಹೋಗುತ್ತವೆ. ತಳತಳ ಹೊಳೆಯುವ ‘ಸಾತವಾಹನ ಬೆಳ್ಳಿ’ ಮಾರಾಟಕ್ಕೆ ಬಂದರೆ ಅಂಚನ್ನೂ ಮೈಯನ್ನೂ ಪರೀಕ್ಷಿಸಿ. ಅಸಲಿ ನಾಣ್ಯ ಅಚ್ಚಿನ ಪೆಟ್ಟಿನಿಂದ ಆದದ್ದು. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಕುಳಿಗಳು ಕಂಡರೆ ಅದು ಎರಕ ಹೊಯ್ದ ನಕಲಿ.